ಕೋಟೆ ಹತ್ತಬೇಕಿತ್ತು, ಎಲ್ಲರೂ ಕುರಿ ಹುಡುಕಲು ಹೊರಟರು! ಆಟ ನಡೆಸಿದ ಅನುಭವ ಇರುವವರು ದಾರಿ ಹೇಳಿ

ಬಟವಾಡಿ ದಾಳ (ಭಾನುವಾರ, ರಾತ್ರಿ 10:20)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಾವು ಐದು ಜನ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಶುರು ಮಾಡಿದ್ದೇವೆ. ನಾನು ಜಿಎಂ (ಗೇಮ್ ಮಾಸ್ಟರ್), ಅಂದರೆ ಕಥೆ ನಡೆಸುವವಳು. ಉಳಿದ ನಾಲ್ಕು ಜನ ಆಟಗಾರರು, ಒಬ್ಬೊಬ್ಬರದು ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಅವರು ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ಅಂತ ದಾಳ ಹೇಳುತ್ತದೆ. ಇವತ್ತು ಮೂರನೇ ಸೆಷನ್ ಮುಗಿಯಿತು. ಎಲ್ಲರೂ ಹೋದ ಮೇಲೆ ತಾರಸಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎಲ್ಲಿ ತಪ್ಪಾಗುತ್ತಿದೆ ಅಂತ ನಿಜಕ್ಕೂ ಗೊತ್ತಾಗುತ್ತಿಲ್ಲ.

ನಮ್ಮ ಕಥೆ ನಡೆಯುವುದು ಮಧುಗಿರಿಯಂಥ ಒಂದು ಊರಿನಲ್ಲಿ, ಪಾಳೆಗಾರರ ಕಾಲದಲ್ಲಿ. ಬೆಟ್ಟದ ಮೇಲೆ ಕೋಟೆ. ಕೋಟೆಯ ಉಗ್ರಾಣದಲ್ಲಿ ಪಾಳೆಗಾರನ ಮಗ ಸೆರೆಯಲ್ಲಿದ್ದಾನೆ. ಎರಡು ವಾರ ಕೂತು 28 ಪುಟ ಬರೆದಿದ್ದೆ. ಯಾವ ಬಾಗಿಲಲ್ಲಿ ಎಷ್ಟು ಕಾವಲು, ಯಾವ ಮೆಟ್ಟಿಲು ಕುಸಿದಿದೆ, ಬೀಗದ ಕೈ ಯಾರ ಸೊಂಟದಲ್ಲಿದೆ, ಎಲ್ಲ. ಊರಿನ ಸಂತೆ ಕಣ್ಣಿಗೆ ಕಟ್ಟಲಿ ಅಂತ ಸುಮ್ನೆ ಒಂದು ಮಾತು ಹೇಳಿದೆ: ‘ಒಬ್ಬ ಮುದುಕ ಕುರಿ ಕಳೆದುಹೋಯಿತು ಅಂತ ಅಳುತ್ತಾ ಕೂತಿದ್ದಾನೆ.’ ಅಷ್ಟೇ. ನಾಲ್ಕೂ ಜನ ಕುರಿ ಹುಡುಕಲು ಹೊರಟರು. ಮೂರು ಗಂಟೆ ಹುಡುಕಿದರು. ಕೋಟೆಯ ಕಡೆಯಿಂದ ಕಹಳೆ ಕೇಳಿಸಿತು ಅಂತ ಎರಡು ಸಲ ಹೇಳಿದೆ. ‘ಕೇಳಲಿ ಬಿಡು’ ಎಂದ ನನ್ನ ತಮ್ಮ.

ಆ ಕುರಿಯೂ ಸಿಗಲಿಲ್ಲ. ಹೆಜ್ಜೆ ಗುರುತು ಕಾಣಲು 20 ಮುಖದ ದಾಳದಲ್ಲಿ 15 ಬರಬೇಕು ಎಂದಿದ್ದೆ. ಯಾರಿಗೂ ಬರಲಿಲ್ಲ. ಇನ್ನೊಮ್ಮೆ ಉರುಳಿಸಿದರು, ಮತ್ತೊಮ್ಮೆ ಉರುಳಿಸಿದರು. ಕಥೆ ಅಲ್ಲೇ ನಿಂತಿತು.

ಇನ್ನೊಂದು ಚಿಂತೆ ಇದೆ, ನನಗೆ ಅದೇ ಜಾಸ್ತಿ. ಪಕ್ಕದ ಮನೆಯ ಹುಡುಗಿ ನಮ್ಮ ಜೊತೆ ಆಡುತ್ತಾಳೆ. ಎರಡನೇ ಪಿಯುಸಿ, ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. ತಪ್ಪದೆ ಬರುತ್ತಾಳೆ, ಕಣ್ಣರಳಿಸಿ ಕೇಳುತ್ತಾಳೆ. ಆದರೆ ಇವತ್ತು ಮೂರು ಗಂಟೆಯಲ್ಲಿ ಅವಳು ಆಡಿದ್ದು ಎರಡೇ ಮಾತು. ತಮ್ಮ ಎಲ್ಲರ ಪರವಾಗಿ ತಾನೇ ಮಾತಾಡುತ್ತಾನೆ. ಅವಳು ಬೇಜಾರಾಗಿ ಆಟ ಬಿಟ್ಟುಬಿಟ್ಟರೆ ನನಗೆ ತುಂಬಾ ನೋವಾಗುತ್ತದೆ. ಏನು ಮಾಡಲಿ?

ಶಿರಾ ಗೇಟ್

ಮೂರು ಗಂಟೆ ಕುರಿ ಹುಡುಕಿದರು ಅಂದರೆ ಅವರಿಗೆ ನಿಮ್ಮ ಊರು ಹಿಡಿಸಿದೆ ಅಂತ ಅರ್ಥ. ಧೈರ್ಯವಾಗಿರಿ.

ಚಿಂತಾಮಣಿ ಮೇಷ್ಟ್ರು

ಶಿರಾ ಗೇಟ್ ಅವರ ಮಾತು ಸರಿ. ತಂಗಿ, ಆ 28 ಪುಟಗಳನ್ನು ಒಮ್ಮೆ ತಿರುವಿ ನೋಡಿ. ಅವರು ಬರುತ್ತಾರೆ, ಬಾಗಿಲು ನೋಡುತ್ತಾರೆ, ಬೀಗದ ಕೈ ಕದಿಯುತ್ತಾರೆ, ಒಳಗೆ ಹೋಗುತ್ತಾರೆ ಅಂತ ಇದೆ ಅಲ್ವಾ? ಆಟಗಾರರ ಪಾಲನ್ನೂ ನೀವೇ ಬರೆದಿಟ್ಟಿದ್ದೀರಿ. ಆ ಪಾಲು ಅವರದು.

ನಾನು ಸೆಷನ್‌ಗೆ ಬರೆದುಕೊಳ್ಳುವುದು ನೋಟ್‌ಬುಕ್ಕಿನ ಒಂದು ಹಾಳೆ. ಊರಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು, ಅದಕ್ಕೆ ಅಡ್ಡ ನಿಂತಿರುವವರು ಯಾರು. ಜೊತೆಗೆ ಮುಖ್ಯವಾದ ಒಂದು ಸಾಲು: ಆಟಗಾರರು ಈ ಕಡೆ ತಲೆ ಹಾಕದಿದ್ದರೆ ಏನಾಗುತ್ತದೆ? ನಿಮ್ಮ ಕಥೆಯಲ್ಲೇ ನೋಡಿ. ಕಿಲ್ಲೇದಾರ ಆ ಹುಡುಗನನ್ನು ಬೇರೆ ಕೋಟೆಗೆ ಸಾಗಿಸಬೇಕು ಅಂದುಕೊಂಡಿದ್ದಾನೆ ಅನ್ನಿ. ಸಂತೆಯಿಂದ ಸಂತೆಗೆ ಏಳು ದಿನ. ಎರಡು ಸಂತೆ ಕಳೆದರೆ ಹುಡುಗ ಅಲ್ಲಿರುವುದಿಲ್ಲ. ಆಟಗಾರರು ಕುರಿ ಹುಡುಕಲಿ, ಮದುವೆಗೆ ಹೋಗಲಿ, ದಿನ ಮಾತ್ರ ಉರುಳುತ್ತಿರುತ್ತದೆ.

ಕಹಳೆ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಅದು ಊದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅದರ ಬದಲು ಕಿಲ್ಲೇದಾರನ ಆಳುಗಳು ಸಂತೆಗೆ ಬಂದ ಎತ್ತಿನ ಗಾಡಿಗಳನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಅನ್ನಿ. ಇವರು ಬಂದ ಗಾಡಿಯೂ ಹೋಯಿತು ಅನ್ನಿ. ‘ಗಾಡಿ ಯಾಕೆ ಬೇಕಂತೆ?’ ಅಂತ ನಿಮ್ಮ ತಮ್ಮನೇ ಕೇಳುತ್ತಾನೆ.

ತಿಪಟೂರು ತೆಂಗು

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ ಮೇಷ್ಟ್ರೇ. ಎಲ್ಲ ಭಾರವನ್ನೂ ಜಿಎಂ ಮೇಲೇ ಹಾಕುತ್ತೀರಿ. ಎರಡು ವಾರ ಕೂತು ಬರೆದವರ ಶ್ರಮಕ್ಕೆ ಆಟಗಾರರೂ ಮರ್ಯಾದೆ ಕೊಡಬೇಕು. ಊಟಕ್ಕೆ ಕರೆದವರ ಮನೆಗೆ ಹೋಗಿ, ಬಡಿಸಿದ್ದು ಬಿಟ್ಟು ಪಕ್ಕದ ಮನೆಯಲ್ಲಿ ಏನಿದೆ ಅಂತ ಕೇಳುತ್ತೀರಾ? ಶುರುವಿನಲ್ಲೇ ಎಲ್ಲರೂ ಕೂತು ‘ಈ ಆಟ ಕೋಟೆ ಹತ್ತುವವರ ಆಟ’ ಅಂತ ಒಪ್ಪಿಕೊಂಡರೆ ಈ ಗೋಳೇ ಇಲ್ಲ.

ಚಿಂತಾಮಣಿ ಮೇಷ್ಟ್ರು

ಒಪ್ಪಿಕೊಳ್ಳುವುದು ಬೇಕು, ಅದರಲ್ಲಿ ನನ್ನದೂ ನಿಮ್ಮದೂ ಒಂದೇ ಮಾತು. ಆದರೆ ಬಡಿಸಿದ್ದು ಅವರೇ ಅಲ್ವಾ ಸ್ವಾಮಿ? ಅಳುವ ಮುದುಕನನ್ನು ತಂದು ಕೂರಿಸಿದ್ದು ಜಿಎಂ. ಅಳುವವನನ್ನು ದಾಟಿಕೊಂಡು ಹೋಗುವ ಆಟಗಾರರಿಗಿಂತ ಅವನ ಕುರಿ ಹುಡುಕುವವರು ಸಿಕ್ಕಿದ್ದು ದೊಡ್ಡ ಪುಣ್ಯ.

ಮಧುಗಿರಿ ಜೇನು

ಅಕ್ಕಾ, ಇದನ್ನು ಓದಿ ಕೂತಲ್ಲಿಂದ ಎದ್ದುಬಿಟ್ಟೆ. ನಿಮಗೆ ನಮ್ಮೂರ ಕೋಟೆಯ ಕಥೆ ಗೊತ್ತಾ? ಅದು ಶುರುವಾಗುವುದೇ ಕಳೆದುಹೋದ ಕುರಿಯಿಂದ!

ಹಿರೇಗೌಡನ ಕಾಲದ ಕಥೆ ಅಂತ ಹೇಳುತ್ತಾರೆ. ಒಂದು ಕುರಿ ತಪ್ಪಿಸಿಕೊಂಡು ಬೆಟ್ಟದ ಕಡೆ ಹೋಯಿತಂತೆ. ಆಮೇಲೆ ಮೈಯೆಲ್ಲ ಒದ್ದೆ ಮಾಡಿಕೊಂಡು, ನೀರು ತೊಟ್ಟಿಕ್ಕಿಸುತ್ತಾ ವಾಪಸ್ ಬಂತಂತೆ. ಸುತ್ತ ಒಣ ಬಂಡೆ, ಕುರಿ ಮಾತ್ರ ಒದ್ದೆ. ಹಾಗಾದರೆ ಮೇಲೆಲ್ಲೋ ನೀರಿನ ಸೆಲೆ ಇದೆ ಅಂತ ಗೊತ್ತಾಗಿ, ಅಲ್ಲಿ ಕೋಟೆ ಕಟ್ಟಿಸಿದನಂತೆ. ನೀರಿಲ್ಲದ ಬೆಟ್ಟದ ಮೇಲೆ ಕೋಟೆ ಕಟ್ಟಿ ಏನು ಪ್ರಯೋಜನ, ಮುತ್ತಿಗೆ ಹಾಕಿದರೆ ಬಾಯಾರಿ ಸಾಯಬೇಕಷ್ಟೇ. ಅದಕ್ಕೇ ಸೆಲೆ ಕಂಡಿದ್ದು ದೊಡ್ಡ ವಿಷಯ.

ನಿಮ್ಮ ಆಟಗಾರರು ಯಾರೂ ಹೇಳಿಕೊಡದೆ ಅದೇ ಬಾಗಿಲಿಗೆ ಬಂದು ನಿಂತಿದ್ದಾರೆ. ಮುಂದಿನ ಸೆಷನ್ನಿನಲ್ಲಿ ಕುರಿ ವಾಪಸ್ ಬರಲಿ. ಒದ್ದೆಯಾಗಿ ಬರಲಿ. ನೀವು ಬಾಯಿ ಬಿಡಬೇಡಿ, ಅವರೇ ಮಾತಾಡಿಕೊಳ್ಳಲಿ.

ಶಿರಾ ಗೇಟ್

ಮೈ ಜುಮ್ ಎಂದಿತು ಗುರು.

ಬಟವಾಡಿ ದಾಳ

ಜೇನು, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಚಿಕ್ಕವಳಿದ್ದಾಗ ಶಾಲೆಯಿಂದ ಆ ಬೆಟ್ಟಕ್ಕೆ ಹೋಗಿದ್ದೆವು, ಆದರೆ ಈ ಕಥೆ ಯಾರೂ ಹೇಳಿರಲಿಲ್ಲ. ಬರೆದ ಪುಟ ಒಂದೂ ಹರಿಯುವ ಹಾಗಿಲ್ಲ ಈಗ. ಸೆಲೆ ಇರುವ ಕಡೆಯಿಂದ ಕೋಟೆಯೊಳಗೆ ದಾರಿ ಇದ್ದರಾಯಿತು, ನನ್ನ ಉಗ್ರಾಣ ಅಲ್ಲೇ ಕಾಯುತ್ತಿರುತ್ತದೆ.

ಅಂತರಗಂಗೆ

ದಾಳದ ವಿಷಯಕ್ಕೆ ಯಾರೂ ಬರಲಿಲ್ಲ, ಅದಕ್ಕೆ ಹೇಳುತ್ತೇನೆ. ನಾನು ಕೋಲಾರದಲ್ಲಿ ಲೆಕ್ಕ ಹೇಳಿಕೊಡುವವನು.

ಡಿ20 (20 ಮುಖದ ದಾಳ) ಉರುಳಿಸಿ, ಪಾತ್ರದ ಕೌಶಲಕ್ಕೆ ಅಂತ +2 ಸೇರಿಸಿ, 15 ಆಗಬೇಕು ಅನ್ನಿ. ದಾಳದಲ್ಲಿ 13 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. 20 ಮುಖದಲ್ಲಿ ಅಂಥವು 8. ಅಂದರೆ ನೂರಕ್ಕೆ 40 ಸಲ ಗೆಲ್ಲುತ್ತಾರೆ. ಈಗ ನೀವು ‘ಮೊದಲು ಗುರುತು ಕಾಣಬೇಕು, ಆಮೇಲೆ ಬಂಡೆ ಹತ್ತಬೇಕು, ಆಮೇಲೆ ಸದ್ದಿಲ್ಲದೆ ನುಸುಳಬೇಕು’ ಅಂತ ಸಾಲಾಗಿ ಮೂರು ದಾಳ ಇಟ್ಟರೆ, ಮೂರೂ ಗೆಲ್ಲುವ ಸಾಧ್ಯತೆ ನೂರಕ್ಕೆ ಆರೂಚಿಲ್ಲರೆ ಮಾತ್ರ. ನೀವು ಬಾಗಿಲು ತೆರೆದಿದ್ದೇನೆ ಅಂದುಕೊಂಡಿರುತ್ತೀರಿ, ಲೆಕ್ಕದಲ್ಲಿ ಅದು ಗೋಡೆ.

ಅದಕ್ಕೇ ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವನ್ನು ದಾಳದ ಹಿಂದೆ ಬಚ್ಚಿಡಬೇಡಿ. ಹೆಜ್ಜೆ ಗುರುತು ಸಿಕ್ಕೇ ಸಿಗುತ್ತದೆ. ದಾಳ ಹೇಳಬೇಕಾದ್ದು ಬೇರೆ: ಬೇಗ ಸಿಕ್ಕಿತೋ ತಡವಾಯಿತೋ, ಸದ್ದಿಲ್ಲದೆ ಸಿಕ್ಕಿತೋ ಕಾವಲಿನವರ ಕಣ್ಣಿಗೆ ಬಿದ್ದು ಸಿಕ್ಕಿತೋ. ಸೋತರೂ ಏನಾದರೂ ಒಂದು ಆಗಲೇಬೇಕು. ‘ಏನೂ ಕಾಣಲಿಲ್ಲ’ ಅನ್ನುವ ಉತ್ತರವನ್ನು ನಾನು ನನ್ನ ಟೇಬಲ್ಲಿನಲ್ಲಿ ಪೂರ್ತಿ ಬಿಟ್ಟುಬಿಟ್ಟಿದ್ದೇನೆ.

ಒಬ್ಬರಿಗೊಬ್ಬರು ಸಹಾಯ ಮಾಡಿದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡಿ. ಅದೇ 40 ಆಗ 64 ಆಗುತ್ತದೆ. ಇನ್ನೊಂದು ಬಗೆಯ ಆಟಗಳಿವೆ, ಆರು ಮುಖದ ಎರಡು ದಾಳ ಸಾಕು. 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು. 7ರಿಂದ 9 ಬಂದರೆ ಗೆಲುವು, ಆದರೆ ಏನೋ ಒಂದು ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ತೊಂದರೆ. 36 ಬಗೆಯಲ್ಲಿ ದಾಳ ಬಿದ್ದರೆ ಅದರಲ್ಲಿ 15 ಬಗೆ ಆ ನಡುವಿನ ಜಾಗಕ್ಕೆ ಬೀಳುತ್ತವೆ. ಪೂರ್ತಿ ಗೆಲುವಿಗೆ ಬರೀ 6. ಆ ‘ಗೆದ್ದೆ, ಆದರೆ…’ ಅನ್ನುವುದರಲ್ಲೇ ಕಥೆ ಹುಟ್ಟುತ್ತದೆ. ಹೊಸಬರಿಗೆ ನಾನು ಮೊದಲು ಅದನ್ನೇ ಆಡಿಸುತ್ತೇನೆ.

ಗುಡಿಬಂಡೆ ಗಾಳಿ

ಎಲ್ಲರೂ ಕೋಟೆ, ದಾಳ ಅಂತಿದ್ದೀರಿ. ಆ ಹುಡುಗಿಯ ವಿಷಯ ಬಿಟ್ಟುಬಿಟ್ಟಿರಲ್ಲ? ಬಟವಾಡಿ ಅವರೇ, ಅವಳ ಕೈಯಲ್ಲಿರುವ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ಗುಣ, ಅಂಕ ಬರೆದ ಹಾಳೆ, ಯಾವ ಭಾಷೆಯಲ್ಲಿದೆ?

ಬಟವಾಡಿ ದಾಳ

ಇಂಗ್ಲಿಷಿನಲ್ಲಿ. ನೆಟ್ಟಿನಿಂದ ಪ್ರಿಂಟ್ ತೆಗೆಸಿದ್ದು.

ಗುಡಿಬಂಡೆ ಗಾಳಿ

ಅಲ್ಲೇ ಇದೆ ನೋಡಿ. ನನ್ನ ಮೊದಲ ಗುಂಪಿನಲ್ಲಿ ಇದೇ ಆಗಿತ್ತು. ಕಥೆ ಕನ್ನಡದಲ್ಲಿ ಹೇಳುತ್ತಿದ್ದೆ, ಹಾಳೆ ಮಾತ್ರ ಇಂಗ್ಲಿಷು. ‘ನಾನು ಬಂಡೆ ಹತ್ತುತ್ತೇನೆ’ ಅನ್ನಲು ಬಾಯಿ ತೆರೆದವನು ಹಾಳೆ ನೋಡುತ್ತಿದ್ದ, ಯಾವ ಪದ ಹೇಳಬೇಕು ಅಂತ ಹುಡುಕುತ್ತಿದ್ದ, ಅಷ್ಟರಲ್ಲಿ ಇನ್ನೊಬ್ಬ ಮಾತಾಡಿಬಿಡುತ್ತಿದ್ದ. ಹಾಳೆಯನ್ನು ಕೈಯಲ್ಲೇ ಕನ್ನಡದಲ್ಲಿ ಬರೆದು ಕೊಟ್ಟೆ. ಪಾತ್ರದ ಆರು ಗುಣಗಳು: ಕಸುವು, ಚುರುಕು, ತಾಳಿಕೆ, ತಿಳಿವಳಿಕೆ, ಗಮನ, ವರ್ಚಸ್ಸು. ಹಿಟ್ ಪಾಯಿಂಟ್‌ಗೆ ‘ದಮ್ಮು’ ಎಂದೆವು, ಪಾತ್ರ ಇನ್ನೂ ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಅಂಕ ಅದು. ‘ಎಷ್ಟು ದಮ್ಮು ಉಳಿದಿದೆ?’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನಿಶಿಯೇಟಿವ್ ಅಂದರೆ ‘ಸರದಿ’. ಮುಗಿಯಿತು.

ನಂದಿ ಮಂಜು

ವಿಸ್‌ಡಮ್‌ಗೆ ‘ಗಮನ’ ಹೇಗಾಗುತ್ತದೆ? ವಿವೇಕ ಅಲ್ವಾ? ಸುಮ್ನೆ ಎಲ್ಲವನ್ನೂ ಕನ್ನಡಕ್ಕೆ ತರಬೇಕು ಅನ್ನುವ ಹಟದಲ್ಲಿ ಅರ್ಥವೇ ಬದಲಾಗುತ್ತದೆ. ಹಿಟ್ ಪಾಯಿಂಟ್, ಲೆವೆಲ್ ಎಲ್ಲ ಮೊಬೈಲ್ ಆಟ ಆಡುವ ಮಕ್ಕಳಿಗೂ ಗೊತ್ತು. ಬಸ್ಸು, ಟಿಕೆಟ್ಟು ಅನ್ನುವ ಹಾಗೆ ಅದನ್ನೂ ಅನ್ನೋಣ.

ಗುಡಿಬಂಡೆ ಗಾಳಿ

ಪದಕೋಶ ನೋಡಿದರೆ ನೀವು ಸರಿ. ಆದರೆ ಆಟದಲ್ಲಿ ಆ ಅಂಕ ಯಾವುದಕ್ಕೆ ಜಾಸ್ತಿ ಬಳಕೆಯಾಗುತ್ತದೆ ನೋಡಿ. ಪೊದೆಯಲ್ಲಿ ಯಾರೋ ಅಡಗಿದ್ದು ಕಂಡಿತಾ, ಎದುರಿನವನು ಸುಳ್ಳು ಹೇಳುತ್ತಿರುವುದು ಗೊತ್ತಾಯಿತಾ, ಇಂಥದ್ದಕ್ಕೆ. ‘ವಿವೇಕ 16’ ಅಂತ ಬರೆದುಕೊಂಡವನು ಬುದ್ಧಿ ಹೇಳುವ ಸ್ವಾಮೀಜಿಯ ಥರ ಆಡಲು ಶುರು ಮಾಡಿದ. ‘ಗಮನ’ ಅಂತ ಬದಲಾಯಿಸಿದ ಮೇಲೆ ಸುತ್ತಮುತ್ತ ನೋಡಲು ಶುರು ಮಾಡಿದ. ಲೆವೆಲ್‌ಗೆ ನಾವೂ ಲೆವೆಲ್ ಅಂತಲೇ ಅನ್ನುತ್ತೇವೆ. ಹಟ ಏನಿಲ್ಲ. ಟೇಬಲ್ಲಿನಲ್ಲಿ ಯಾವ ಪದ ತಡವರಿಸದೆ ಬಾಯಿಗೆ ಬರುತ್ತದೋ ಅದು ಇರಲಿ.

ನಂದಿ ಮಂಜು

ಈ ವಿವರಣೆ ಒಪ್ಪಿದೆ. ‘ಗಮನ’ ನಾನೂ ಇಟ್ಟುಕೊಳ್ಳುತ್ತೇನೆ. ಆರ್ಮರ್ ಕ್ಲಾಸ್‌ಗೆ ಏನಂತೀರಿ, ಪೆಟ್ಟು ತಾಗದ ಹಾಗೆ ಕಾಯುವ ಅಂಕಕ್ಕೆ?

ಗುಡಿಬಂಡೆ ಗಾಳಿ

‘ತಡೆ’. ಎರಡೇ ಅಕ್ಷರ.

ಅಂತರಗಂಗೆ

ಕನ್ನಡಕ್ಕೆ ತರುವವರಿಗೆ ಒಂದು ಒಳ್ಳೆಯ ಸುದ್ದಿ, ಎಷ್ಟೋ ಜನರಿಗೆ ಗೊತ್ತಿಲ್ಲ. ಈ ಬಗೆಯ ಆಟಗಳಲ್ಲಿ ಹೆಸರಾದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳ ಕಡತ, ಅಂದರೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1, 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆಯಾಗಿದೆ. ಮೂಲ ಎಲ್ಲಿಂದ ಬಂತು ಅಂತ ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ನಾವು ಹತ್ತು ಜನ ಕೈ ಹಾಕಿದರೆ ಮೊದಲ ಮೂರು ಲೆವೆಲ್‌ಗೆ ಬೇಕಾದಷ್ಟು ಕನ್ನಡದಲ್ಲಿ ಆಗಿಬಿಡುತ್ತದೆ.

ತಿಪಟೂರು ತೆಂಗು

ನಾನು ಕೈ ಹಾಕುತ್ತೇನೆ. ಮಂತ್ರಗಳ ಪಟ್ಟಿ ನನಗೆ ಕೊಡಿ.

ಗುಬ್ಬಿ ರಂಗ

ಮಾತಾಡದ ಆಟಗಾರರ ಬಗ್ಗೆ ನನಗೆ ತುಂಬಾ ಹೇಳುವುದಿದೆ. ನಮ್ಮ ತಂದೆ ಮೂಡಲಪಾಯ ಬಯಲಾಟ ಆಡುತ್ತಿದ್ದವರು. ರಾತ್ರಿಯಿಡೀ ರಂಗದ ಪಕ್ಕ ಮಲಗಿ ಬೆಳೆದವನು ನಾನು.

ಅಲ್ಲಿ ಒಂದು ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ಕೇಳುತ್ತಾನೆ. ನೀವು ಯಾರು, ನಿಮ್ಮ ನಾಮಾಂಕಿತವೇನು, ಎಲ್ಲಿಂದ ಬಂದಿರಿ, ಬಂದ ಕಾರಣವೇನು? ವೇಷಧಾರಿ ಉತ್ತರ ಕೊಡುತ್ತಾ ಕೊಡುತ್ತಾ ಆ ಪಾತ್ರವೇ ಆಗುತ್ತಾನೆ. ಪ್ರಶ್ನೆ ಕೇಳುವವನು ಇರುವುದಕ್ಕೇ ಉತ್ತರ ಹೊರಡುತ್ತದೆ. ಜಿಎಂ ಅಂದರೆ ಕಥೆ ನಡೆಸುವ ಭಾಗವತ ಮಾತ್ರ ಅಂದುಕೊಂಡಿದ್ದೇವೆ. ಅರ್ಧ ಕೆಲಸ ಸಾರಥಿಯದು.

ಹೊಸಬರಿಗೆ ‘ಈಗ ಏನು ಮಾಡುತ್ತೀಯ?’ ಅಂತ ಕೇಳಿದರೆ ಬಯಲಲ್ಲಿ ಬಿಟ್ಟ ಹಾಗಾಗುತ್ತದೆ. ನೂರು ದಾರಿ, ಯಾವುದು ಸರಿ ಅಂತ ಹೆದರಿಕೆ. ಅದರ ಬದಲು ತಪ್ಪು ಉತ್ತರವೇ ಇಲ್ಲದ, ಅವಳಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ. ‘ಈ ಸಂತೆಗೆ ಚಿಕ್ಕವಳಿದ್ದಾಗ ಯಾರ ಜೊತೆ ಬರುತ್ತಿದ್ದೆ?’ ‘ಈ ಮುದುಕ ನಿನಗೆ ಏನಾಗಬೇಕು?’ ಅವಳು ಏನು ಹೇಳಿದರೂ ಅದೇ ನಿಜ, ಅದನ್ನು ಬರೆದುಕೊಳ್ಳಿ. ತಾನು ಹೇಳಿದ್ದು ಊರಿನ ಭಾಗವಾಯಿತು ಅಂತ ಕಂಡರೆ ನಾಲಿಗೆ ತಾನಾಗಿ ಸಡಿಲವಾಗುತ್ತದೆ.

ಇನ್ನೊಂದು ಮಾತು. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಮೌನ ಕಂಡರೆ ಹೆದರಿ ನಾವೇ ತುಂಬಿಬಿಡುತ್ತೇವೆ, ಇಲ್ಲವೇ ನಿಮ್ಮ ತಮ್ಮನಂಥವರು ತುಂಬುತ್ತಾರೆ.

ಪಾವಗಡ ಬಿಸಿಲು

ತಮ್ಮನ ಪರ ಒಂದು ಮಾತು. ನಾನೂ ಜಾಸ್ತಿ ಮಾತಾಡುವ ಆಟಗಾರನೇ. ಅದು ಸೊಕ್ಕಲ್ಲ, ಆಟ ನಿಂತುಬಿಟ್ಟರೆ ಅನ್ನುವ ಆತಂಕ. ನಮ್ಮ ಜಿಎಂ ಒಂದು ದಿನ ಬೇರೆಯಾಗಿ ಕರೆದು ಹೇಳಿದರು, ‘ನೀನು ಇವತ್ತು ಇಬ್ಬರ ಹತ್ತಿರ ಪ್ರಶ್ನೆ ಕೇಳಬೇಕು, ನಿನ್ನ ಪಾತ್ರದ ಬಾಯಲ್ಲಿ.’ ಅಷ್ಟೇ. ನನ್ನ ಮಾತೆಲ್ಲ ಬೇರೆಯವರಿಗೆ ದಾರಿ ಮಾಡಿಕೊಡುವ ಮಾತಾಯಿತು. ಎಲ್ಲರ ಎದುರು ‘ಸುಮ್ನಿರು’ ಎಂದಿದ್ದರೆ ನಾನು ಮತ್ತೆ ಹೋಗುತ್ತಲೇ ಇರಲಿಲ್ಲ.

ಬಟವಾಡಿ ದಾಳ

ಬಿಸಿಲು ಅವರೇ, ಇದು ನನಗೆ ತಟ್ಟಿತು. ಇವತ್ತು ನಾನು ‘ಸುಮ್ನಿರೋ’ ಅಂತ ಎರಡು ಸಲ ಎಂದಿದ್ದೆ. ಬೆಳಗ್ಗೆ ಅವನ ಹತ್ತಿರ ಮಾತಾಡುತ್ತೇನೆ.

ಉರಿಗಾಂ ಸೈರನ್

ಕೆಜಿಎಫ್‌ನಿಂದ ಬರೆಯುತ್ತಿದ್ದೇನೆ. ತಿಪಟೂರು ತೆಂಗು ಮೇಲೆ ಹೇಳಿದ ‘ಶುರುವಿನಲ್ಲೇ ಕೂತು ಒಪ್ಪಿಕೊಳ್ಳುವುದು’, ಅದಕ್ಕೆ ನಾನು ಒಂದು ಸೇರಿಸಬೇಕು.

ನಾನು ಗಣಿಯ ಒಳಗೆ ನಡೆಯುವ ಭಯದ ಕಥೆ ಆಡಿಸಿದ್ದೆ. ನಮ್ಮ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಅದರಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಹೋದಷ್ಟೂ ಕಲ್ಲೇ ಕಾದಿರುತ್ತದೆ. ಕತ್ತಲೆ, ಕೆಲಸಗಾರರನ್ನು ಇಳಿಸುವ ಕೇಜ್ ಇಳಿಯುವ ಸದ್ದು, ಬಂಡೆ ತಾನಾಗಿ ಸಿಡಿಯುವುದು. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಅಂದುಕೊಂಡೆ. ಬಂಡೆ ಸಿಡಿದ ದೃಶ್ಯವನ್ನು ತುಂಬಾ ವಿವರವಾಗಿ ಹೇಳಿದೆ. ಒಬ್ಬ ಗೆಳೆಯ ಎದ್ದು ಹೊರಗೆ ಹೋದ. ಅವನ ತಾತ ಅದೇ ರೀತಿ ತೀರಿಕೊಂಡಿದ್ದರು. ಅಷ್ಟು ವರ್ಷದ ಸ್ನೇಹದಲ್ಲಿ ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಬಹಳ ಹೊತ್ತು ಕೂತಿದ್ದೆವು.

ಈಗ ಯಾವ ಕಥೆಯೇ ಆಗಲಿ, ಮೊದಲ ದಿನ ದಾಳ ಮುಟ್ಟುವುದಿಲ್ಲ. ಟೀ ಕುಡಿಯುತ್ತಾ ಮಾತಾಡುತ್ತೇವೆ. ಯಾವ ಥರದ ಕಥೆ, ಎಷ್ಟು ಹೊತ್ತು, ಏನು ಬರಲೇಬಾರದು, ಏನು ಬಂದರೂ ವಿವರ ಬೇಡ. ಬಾಯಿಬಿಟ್ಟು ಹೇಳಲು ಸಂಕೋಚ ಇರುವವರು ಚೀಟಿ ಬರೆದು ಡಬ್ಬಕ್ಕೆ ಹಾಕುತ್ತಾರೆ. ಟೇಬಲ್ ನಡುವೆ ಒಂದು ಕೆಂಪು ಬಟನ್ ಇಟ್ಟಿರುತ್ತೇನೆ, ಅಂಗಿಯ ಬಟನ್ನು. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದೆ ಹೋಗುತ್ತೇವೆ. ಯಾಕೆ ಅಂತ ಕೇಳುವುದಿಲ್ಲ.

ಆ ಗೆಳೆಯ ಈಗಲೂ ಆಡುತ್ತಾನೆ. ಗಣಿಯ ಕಥೆಯನ್ನೂ ಆಮೇಲೆ ಅವನೇ ಆಡಿಸಿದ, ಭಯದ ಕಥೆಯಾಗಿ ಅಲ್ಲ, ಪಾಳಿ ಮುಗಿಸಿ ಮೇಲೆ ಬರುವವರನ್ನು ಕಾಯುವ ಮನೆಯವರ ಕಥೆಯಾಗಿ. ನಾನು ಆಡಿದ ಆಟಗಳಲ್ಲೆಲ್ಲ ಅದೇ ನನಗೆ ದೊಡ್ಡದು.

ಚಿಂತಾಮಣಿ ಮೇಷ್ಟ್ರು

ನಿಮ್ಮ ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸಿ.

ಮಧುಗಿರಿ ಜೇನು

ಎರಡು ಸಲ ಓದಿದೆ. ಕೆಂಪು ಬಟನ್ ನಾಳೆಯಿಂದ ನಮ್ಮ ಟೇಬಲ್ ಮೇಲೂ ಇರುತ್ತದೆ.

ಕ್ಯಾತ್ಸಂದ್ರ ಹುಡುಗ

ನನ್ನದು ಬೇರೆ ಸಮಸ್ಯೆ, ಇಲ್ಲೇ ಕೇಳಬಹುದಾ? ಮನೆಯಲ್ಲಿ ದಾಳ ಕಂಡರೆ ಅಮ್ಮನಿಗೆ ಆಗುವುದಿಲ್ಲ. ‘ಧರ್ಮರಾಯ ಕೆಟ್ಟಿದ್ದು ಸಾಲದಾ, ನೀನೂ ಶುರು ಮಾಡಿದ್ಯಾ’ ಅಂತಾರೆ. ದುಡ್ಡು ಕಟ್ಟುವುದಿಲ್ಲ ಅಂದರೂ ನಂಬುವುದಿಲ್ಲ.

ಗುಬ್ಬಿ ರಂಗ

ವಾದ ಮಾಡಬೇಡಿ, ಒಂದು ದಿನ ಜೊತೆಯಲ್ಲಿ ಕೂರಿಸಿ. ಸಂತೆಯ ಅಂಗಡಿಯವಳ ಪಾತ್ರ ಅಮ್ಮನಿಗೆ ಕೊಡಿ, ನೀವೆಲ್ಲ ಹೋಗಿ ಚೌಕಾಸಿ ಮಾಡಿ.

ಶಿರಾ ಗೇಟ್

ಅಮ್ಮನ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಯಾರೂ ಇಲ್ಲ, ನೆನಪಿರಲಿ.

ಅಂತರಗಂಗೆ

ದಾಳವೇ ಬೇಡ ಅಂದರೆ ಕವಡೆ ಇದೆಯಲ್ಲ. ಚೌಕಾಬಾರ ಆಡದ ಅಮ್ಮ ಯಾರಿದ್ದಾರೆ? ನಾಲ್ಕು ಕವಡೆ ಹಾಕಿ. ಒಂದು ಅಂಗಾತ ಬಿದ್ದರೆ ತೊಂದರೆ. ಎರಡು ಬಿದ್ದರೆ ಗೆಲುವು, ಆದರೆ ಬೆಲೆ ತೆರಬೇಕು. ಮೂರು ಬಿದ್ದರೆ ಗೆಲುವು. ಚೌಕ ಬಿದ್ದರೆ ಕೇಳಿದ್ದಕ್ಕಿಂತ ಜಾಸ್ತಿ ಸಿಗುತ್ತದೆ. ನಾಲ್ಕೂ ಬೋರಲು ಬಿದ್ದು ಬಾರ ಆದರೆ ಯಾರೂ ಎಣಿಸದ ಏನೋ ಒಂದು ನಡೆಯುತ್ತದೆ. ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತದೆ ಅಂದುಕೊಂಡರೆ, 16ರಲ್ಲಿ 6 ಸಲ ಎರಡು ಬೀಳುತ್ತದೆ, ಒಂದು ಮತ್ತು ಮೂರು ತಲಾ 4 ಸಲ, ಚೌಕ, ಬಾರ ತಲಾ ಒಂದೊಂದು ಸಲ. ನಿಜವಾದ ಕವಡೆ ಹಾಗೆ ಸಮವಾಗಿ ಬೀಳುವುದಿಲ್ಲ, ಆಕಾರವೇ ಬೇರೆ. ನಿಮ್ಮ ಕವಡೆಯನ್ನು ನೂರು ಸಲ ಹಾಕಿ ಬರೆದುಕೊಳ್ಳಿ, ಅದರ ಸ್ವಭಾವ ಗೊತ್ತಾಗುತ್ತದೆ.

ಮುಳಬಾಗಿಲು ದೋಸೆ

ಕವಡೆ ಸಿಗದಿದ್ದರೆ ಹುಣಸೆ ಬೀಜ ಒಂದು ಕಡೆ ತೇಯ್ದುಕೊಳ್ಳಿ. ನಾವು ಬಸ್ಸಿನಲ್ಲಿ ಕೂತೇ ಆಡಿದ್ದೇವೆ. ಅಂದಹಾಗೆ ಆಟದ ಮಧ್ಯೆ ತಿನ್ನಲು ಏನು ಇಡುತ್ತೀರಿ? ದೋಸೆ ತರಿಸಿದ್ದೆವು, ತುಪ್ಪವೆಲ್ಲ ಕ್ಯಾರೆಕ್ಟರ್ ಶೀಟಿಗೆ.

ಕ್ಯಾತ್ಸಂದ್ರ ಹುಡುಗ

ತಟ್ಟೆ ಇಡ್ಲಿ. ಆದರೆ ನಡುವೆ ಬೇಡ, ಆಟಕ್ಕೆ ಮುಂಚೆ. ನಡುವೆ ಕಡ್ಲೆಪುರಿ, ಒಣ ಕೈ.

ತಿಪಟೂರು ತೆಂಗು

ಎಲ್ಲರೂ ಪಾಳೆಗಾರ, ಕವಡೆ, ಸಾರಥಿ ಅಂತಿದ್ದೀರಿ, ಕೇಳಲು ಚೆನ್ನಾಗಿದೆ. ಆದರೂ ನನಗೆ ಎಲ್ಫ್, ಡ್ರ್ಯಾಗನ್ ಇರುವ ಕಥೆಯೇ ಇಷ್ಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಹೊರತಂದಾಗ ಇದ್ದದ್ದು ಅದೇ. ದೂರದ ಲೋಕಕ್ಕೆ ಹೋಗುವ ಆಸೆಗೇ ನಾನು ಇದಕ್ಕೆ ಬಂದೆ. ನಮ್ಮೂರನ್ನು ದಿನಾ ನೋಡುತ್ತೇನಲ್ಲ.

ಗುಡಿಬಂಡೆ ಗಾಳಿ

ಖಂಡಿತ ಆಡಿ, ಅದರಲ್ಲಿ ಏನೂ ಕೊರತೆ ಇಲ್ಲ. ನನ್ನ ಅನುಭವ ಮಾತ್ರ ಹೇಳುತ್ತೇನೆ. ‘ಕಲ್ಲಿನ ಕೋಟೆಯ ಕಂದಕ’ ಎಂದಾಗ ನನ್ನ ಆಟಗಾರರು ಸುಮ್ನೆ ಕೇಳುತ್ತಿದ್ದರು. ‘ನಮ್ಮ ಗುಡಿಬಂಡೆ ಬೆಟ್ಟ, ಬಂಡೆಯಲ್ಲೇ ಕೊರೆದ 19 ಕೊಳ, ಮಳೆ ನೀರು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ’ ಎಂದ ಕೂಡಲೇ ಒಬ್ಬ ಹೇಳಿದ, ‘ಹಾಗಾದರೆ ಮೇಲಿನ ಕೊಳಕ್ಕೆ ಅರಿಸಿನ ಕದಡೋಣ, ಕೆಳಗೆ ಯಾವುದರಲ್ಲಿ ಹಳದಿ ಬರುತ್ತದೋ ಅಲ್ಲಿಗೆ ದಾರಿ ಇದೆ.’ ನನಗೆ ಹೊಳೆದೇ ಇರಲಿಲ್ಲ. ಮಳೆಗಾಲದಲ್ಲಿ ಆ ಬೆಟ್ಟ ಹತ್ತಿದವನಿಗೆ ಹೊಳೆಯಿತು. ಕಾಲಿಗೆ ಗೊತ್ತಿರುವ ಜಾಗದಲ್ಲಿ ತಲೆ ಬೇಗ ಓಡುತ್ತದೆ.

ತಿಪಟೂರು ತೆಂಗು

ಅರಿಸಿನದ ಉಪಾಯ ಭಾರೀ ಇದೆ. ನನ್ನ ಡ್ರ್ಯಾಗನ್ ಗುಹೆಗೂ ಕೊಳ ಇಡುತ್ತೇನೆ ಹಾಗಾದರೆ.

ಬಟವಾಡಿ ದಾಳ (ಮುಂದಿನ ಭಾನುವಾರ, ರಾತ್ರಿ 11:05)

ಈಗಷ್ಟೇ ಎಲ್ಲರೂ ಮನೆಗೆ ಹೋದರು. ಹೇಳದೆ ಮಲಗಲು ಆಗಲಿಲ್ಲ.

ಆಟಕ್ಕೆ ಮುಂಚೆ ಅರ್ಧ ಗಂಟೆ ಮಾತಾಡಿದೆವು. ಕೆಂಪು ಬಟನ್ ಇಟ್ಟೆ, ಯಾಕೆ ಅಂತ ಹೇಳಿದೆ, ಎಲ್ಲರೂ ಗಂಭೀರವಾಗಿ ಕೇಳಿಸಿಕೊಂಡರು. ಹಾಳೆಗಳನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ತಮ್ಮನ ಹತ್ತಿರ ಸೋಮವಾರವೇ ಮಾತಾಡಿದ್ದೆ. ‘ನಾನು ಹಾಗೆ ಮಾಡ್ತಿದ್ದೀನಿ ಅಂತ ಗೊತ್ತೇ ಇರಲಿಲ್ಲ ಅಕ್ಕ’ ಎಂದ.

ಕುರಿ ವಾಪಸ್ ಬಂತು. ಒದ್ದೆಯಾಗಿ ಬಂತು. ನಾನು ಮತ್ತೇನೂ ಹೇಳಲಿಲ್ಲ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ತಮ್ಮ, ತನ್ನ ಪಾತ್ರದ ಬಾಯಲ್ಲೇ, ಆ ಹುಡುಗಿಯ ಕಡೆ ತಿರುಗಿ ಕೇಳಿದ: ‘ನೀನು ಈ ಊರವಳಲ್ವಾ, ಮಳೆ ಬಂದು ಎಷ್ಟು ದಿನ ಆಯ್ತು?’

ಅವಳು ‘ಮೂರು ತಿಂಗಳು’ ಎಂದಳು.

ಆಗ ನಾನು ಗುಬ್ಬಿ ರಂಗ ಅವರ ಪ್ರಶ್ನೆ ಕೇಳಿದೆ. ‘ಈ ಮುದುಕ ನಿನಗೆ ಏನಾಗಬೇಕು?’ ಮನಸ್ಸಿನಲ್ಲಿ ಎಣಿಸಲು ಶುರು ಮಾಡಿದೆ. ಏಳಕ್ಕೆ ಬಂದಾಗ ಅವಳು ಬಾಯಿ ತೆರೆದಳು. ‘ನಮ್ಮ ತಾತ. ಕುರಿ ಕಳೆದುಹೋಗಿರಲಿಲ್ಲ. ತಾತನೇ ಬಿಟ್ಟಿದ್ದು. ಸೆಲೆ ಎಲ್ಲಿದೆ ಅಂತ ಅವರಿಗೆ ಮೊದಲೇ ಗೊತ್ತು. ಕುರಿಯ ಹೊಟ್ಟೆಗೆ ಬಟ್ಟೆ ಕಟ್ಟಿ, ಅದರಲ್ಲಿ ರೊಟ್ಟಿ ಇಟ್ಟು ಮೇಲಕ್ಕೆ ಕಳಿಸುತ್ತಾರೆ. ಒಳಗಿರುವ ಹುಡುಗನಿಗೆ.’

ನಾನು ಬರೆದ 28 ಪುಟದಲ್ಲಿ ಇದು ಎಲ್ಲೂ ಇರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹಾಗಾದರೆ ಸಂತೆಯಲ್ಲಿ ಯಾಕೆ ಅಳುತ್ತಿದ್ದರು ಅಂತ ತಮ್ಮ ಕೇಳಿದ. ‘ಈ ಸಲ ಎರಡು ದಿನ ಆದರೂ ವಾಪಸ್ ಬರಲಿಲ್ಲ, ಅದಕ್ಕೆ’ ಎಂದಳು. ಅಲ್ಲಿಂದ ಮುಂದೆ ಎರಡೂವರೆ ಗಂಟೆ ಅವಳೇ ಮುಂದೆ, ಉಳಿದವರು ಹಿಂದೆ. ಕುರಿಯನ್ನು ಹಿಂಬಾಲಿಸಿ ರಾತ್ರಿ ಬಂಡೆ ಹತ್ತಿದರು. ಹತ್ತುವಾಗ ದಾಳ 9 ಬಿತ್ತು, ಅಂತರಗಂಗೆ ಹೇಳಿದ ‘ಗೆದ್ದೆ, ಆದರೆ…’ ಅನ್ನುವ ಜಾಗ. ಯಾರೂ ಜಾರಲಿಲ್ಲ, ಹತ್ತಿದರು, ಆದರೆ ಹಗ್ಗ ಕೆಳಗೇ ಉಳಿಯಿತು. ಈಗ ವಾಪಸ್ ಇಳಿಯಲು ಆ ದಾರಿ ಇಲ್ಲ. ಸೆಲೆಯ ಪಕ್ಕ ಕೂತಿದ್ದಾರೆ, ಗೋಡೆಯಾಚೆ ನನ್ನ ಉಗ್ರಾಣ, ಮೂಲೆಯಲ್ಲಿ ಇಬ್ಬರು ಕಾವಲಿನವರು.

ಅವಳಿಗೆ ಮುಂದಿನ ವಾರ ಪರೀಕ್ಷೆ ಇದೆ, ಆದರೂ ಬರುತ್ತೇನೆ ಅಂತಿದ್ದಾಳೆ. ಪರೀಕ್ಷೆ ಮುಗಿಯಲಿ, ಕೋಟೆ ಎಲ್ಲೂ ಹೋಗುವುದಿಲ್ಲ ಎಂದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾಲ್ಕೂ ಜನ ಇನ್ನೂ ಜಗಳ ಆಡುತ್ತಿದ್ದಾರೆ. ಕುರಿಯ ಕೊರಳಲ್ಲಿ ಗಂಟೆ ಇದೆ, ಬಿಚ್ಚಲು ಹೋದರೆ ಸದ್ದಾಗುತ್ತದೆ, ಬಿಟ್ಟರೂ ಸದ್ದಾಗುತ್ತದೆ. ಏನು ಮಾಡುವುದು ಅಂತ.

ಮಧುಗಿರಿ ಜೇನು

ಗಂಟೆಯೊಳಗೆ ಹುಲ್ಲು ತುರುಕಲು ಹೇಳಿ ಅಕ್ಕ. ಕುರಿ ಕಾಯುವವರ ಮೊಮ್ಮಗಳು ತಾನೇ, ಅವಳಿಗೆ ಗೊತ್ತಿರುತ್ತದೆ.

ಬಟವಾಡಿ ದಾಳ

ನಾನು ಹೇಳುವುದಿಲ್ಲ. ಅವಳನ್ನೇ ಕೇಳುತ್ತೇನೆ.